ದೇವರ ಜಗಲಿಯ ಮೇಲಿನ ವ್ಯಾಕ್ಸಿನ್

ಕಾಲಿನ ಮೇಲೆ ಕೆಂಪು ಚುಕ್ಕೆಗಳು ಕಂಡಾಗ ಸೊಳ್ಳೆ ಕಡಿದಿದೆ ಎಂದುಕೊಂಡೆ. ದಾಸರಹಳ್ಳಿಯ ನಮ್ಮ ಬೀದಿಯಲ್ಲಿ ಸೊಳ್ಳೆಗೇನೂ ಬರವಿಲ್ಲ. ಮೂರನೆಯ ದಿನ ಹಲ್ಲುಜ್ಜುವಾಗ ಬಾಯಿ ತುಂಬ ರಕ್ತ ಬಂತು.

ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಎಂಟು ಸಾವಿರ.

ಒಂದೂವರೆ ಲಕ್ಷವಾದರೂ ಇರಬೇಕಿತ್ತಂತೆ. ಕಾಯಿಲೆಯ ಹೆಸರು ಐಟಿಪಿ, ನನ್ನ ಮೈ ತನ್ನ ಪ್ಲೇಟ್‌ಲೆಟ್‌ಗಳನ್ನು ತಾನೇ ನಾಶ ಮಾಡಿಕೊಳ್ಳುತ್ತಿದೆ ಎಂದು ಡಾಕ್ಟರು ಹೇಳಿದರು. ತಲೆಯಾಡಿಸಿದೆ. ಯಲಹಂಕದ ಒಂದು ಕಾಲೇಜಿನ ಆಫೀಸಿನಲ್ಲಿ ನನ್ನ ಕೆಲಸ. ಯಾರು ಏನು ಹೇಳಿದರೂ ತಲೆಯಾಡಿಸಿ ಬರೆದುಕೊಳ್ಳುವುದು ಅಭ್ಯಾಸ. ಭಯವಾಗಬೇಕಿತ್ತು. ಏನೂ ಆಗಲಿಲ್ಲ.

ಸ್ಟೀರಾಯ್ಡ್ ನುಂಗಿ ಮುಖ ಊದಿತು, ಕೌಂಟ್ ಏರಿತು, ಡೋಸ್ ಕಮ್ಮಿ ಮಾಡಿದ ಕೂಡಲೇ ಮತ್ತೆ ಇಳಿಯಿತು. ಆಮೇಲೆ ಬರೆದುಕೊಟ್ಟ ಮಾತ್ರೆ ನಮ್ಮ ಕೈಗೆಟುಕುವಂಥದ್ದಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ನಡೆಸುವ ನನ್ನ ಗಂಡ ಎರಡು ತಿಂಗಳು ಅದನ್ನು ಹೇಗೋ ತಂದರು. ಹೇಗೆ ಎಂದು ನಾನು ಕೇಳಲಿಲ್ಲ. ಅಡುಗೆಗೆಂದು ಗದಗದ ಕಡೆಯಿಂದ ಬಂದಿದ್ದ ಅತ್ತೆ ನನ್ನೊಡನೆ ಮಾತು ಕಮ್ಮಿ ಮಾಡಿದರು. ಮಗನ ದುಡಿಮೆಯೆಲ್ಲ ಸೊಸೆಯ ಔಷಧಿಗೇ ಹೋಗುತ್ತಿದೆ ಎಂಬ ಸಿಟ್ಟು ಎಂದೇ ತಿಳಿದೆ. ತಿಳಿದೂ ನೋವಾಗಲಿಲ್ಲ.

ಕೊನೆಗೆ, ಪ್ಲೇಟ್‌ಲೆಟ್ ಹೆಚ್ಚಾಗಿ ನಾಶವಾಗುವ ಸ್ಪ್ಲೀನ್, ಅಂದರೆ ಗುಲ್ಮವನ್ನೇ ತೆಗೆಯೋಣ ಎಂದರು ಡಾಕ್ಟರು. ಅದಿಲ್ಲದ ಮೈಗೆ ಸಣ್ಣ ಸೋಂಕೂ ಪ್ರಾಣಕ್ಕೆ ಕುತ್ತಾಗಬಹುದು, ಆದ್ದರಿಂದ ಸರ್ಜರಿಗೆ ಎರಡು ವಾರ ಮೊದಲೇ ಮೂರು ವ್ಯಾಕ್ಸಿನ್ ಆಗಬೇಕು. ಎರಡನ್ನು ನಾವೇ ಕೊಂಡೆವು. ಮೂರನೆಯದರ ಬೆಲೆ ಕೇಳಿ ಗಂಡ ಮೆಡಿಕಲ್ ಶಾಪಿನ ಕಟ್ಟೆಯ ಮೇಲೆ ಕುಳಿತುಬಿಟ್ಟರು.

ಆಸ್ಪತ್ರೆಯ ನೆಲಮಹಡಿಯಲ್ಲಿ ಬಡ ರೋಗಿಗಳಿಗೆ ನೆರವು ಕೊಡಿಸುವ ಮೆಡಿಕಲ್ ಸೋಷಿಯಲ್ ವರ್ಕರ್ ಇರುತ್ತಾರೆ, ಕೇಳಿ ನೋಡಿ ಎಂದು ನರ್ಸ್ ಹೇಳಿದರು. ಆ ಬಾಗಿಲ ಮುಂದೆ ಎರಡು ಸಲ ಹೋಗಿ ವಾಪಸ್ ಬಂದೆ. ಸಾಯುವುದಕ್ಕಿಂತ ಕೈ ಚಾಚುವುದು ಕಷ್ಟ ಅನಿಸಿತ್ತು. ಮೂರನೆಯ ಸಲ ಒಳಗೆ ಹೋದೆ. ಅಲ್ಲಿದ್ದ ಶೈಲಜಾ ಮೇಡಂ ರೇಷನ್ ಕಾರ್ಡು, ಸಂಬಳದ ಚೀಟಿ, ಡಾಕ್ಟರ ಸೀಲು ಹಾಕಿದ ಪತ್ರ ಎಲ್ಲ ತರಿಸಿಕೊಂಡು ಒಂದು ಟ್ರಸ್ಟಿಗೆ ಬರೆದರು. ಹತ್ತು ದಿನಕ್ಕೆ ಒಪ್ಪಿಗೆ ಬಂತು.

ಶನಿವಾರ ಹೆಬ್ಬಾಳದ ಹತ್ತಿರ ಟ್ರಸ್ಟಿನವರ ಫಾರ್ಮಸಿಯಲ್ಲಿ ಐಸ್ ಪ್ಯಾಕಿನ ಜೊತೆ ವ್ಯಾಕ್ಸಿನ್ ಡಬ್ಬಿ ಕೊಟ್ಟು, ಫ್ರಿಜ್ಜಿನಲ್ಲಿಡದಿದ್ದರೆ ಕೆಡುತ್ತದೆ ಎಂದು ಚೀಟಿ ಬರೆದುಕೊಟ್ಟರು. ಇಂಜೆಕ್ಷನ್ ಸೋಮವಾರ. ಮನೆಗೆ ತಂದು ಫ್ರಿಜ್ಜಿನಲ್ಲಿ ನಿಂಬೆಹಣ್ಣಿನ ಪಕ್ಕ ಇಟ್ಟು, ಸುಸ್ತಾಗಿ ಮಧ್ಯಾಹ್ನವೇ ಮಲಗಿದೆ.

ಭಾನುವಾರ ಮಧ್ಯಾಹ್ನ ನೋಡಿದರೆ ಫ್ರಿಜ್ಜಿನಲ್ಲಿ ಡಬ್ಬಿ ಇಲ್ಲ. ದೇವರ ಜಗಲಿಯ ಮೇಲೆ, ದೀಪದ ಪಕ್ಕ ಇತ್ತು. ರಟ್ಟಿನ ಮೇಲೆ ಮೂರು ಗೆರೆ ವಿಭೂತಿ. ನಮ್ಮ ಮನೆಯಲ್ಲಿ ಮಾರ್ಕ್ಸ್ ಕಾರ್ಡಿರಲಿ, ಹೊಸ ಕುಕ್ಕರ್ ಇರಲಿ, ಮೊದಲು ಜಗಲಿಗೆ ಹೋಗಿಯೇ ಬಳಕೆಗೆ ಬರಬೇಕು. ಅತ್ತೆ ಶನಿವಾರ ಸಂಜೆಯ ಪೂಜೆಗೇ ತೆಗೆದಿಟ್ಟಿರಬೇಕು.

ಡಬ್ಬಿ ಬೆಚ್ಚಗಿತ್ತು.

ಯಾರಿಗೂ ಏನೂ ಹೇಳಲಿಲ್ಲ. ವಿಭೂತಿ ಒರೆಸಿ ಮತ್ತೆ ಫ್ರಿಜ್ಜಿನಲ್ಲಿಟ್ಟೆ. ಯಾರಿಗೆ ಗೊತ್ತಾಗುತ್ತದೆ? ಇನ್ನೊಂದು ಸಲ ಆ ಬಾಗಿಲಿಗೆ ಹೋಗುವುದು ನನ್ನಿಂದಾಗದು.

ಸೋಮವಾರ ಗಂಡನಿಗೆ ರಜೆ ಸಿಗಲಿಲ್ಲ, ಅತ್ತೆ ಜೊತೆಗೆ ಬಂದರು. ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚಿ ಸಿರಿಂಜ್ ತೆಗೆದುಕೊಂಡಳು. ಆಗ ನನ್ನ ಬಾಯಿಂದ ತಾನಾಗಿ ಮಾತು ಬಂತು. ಇದು ಒಂದು ರಾತ್ರಿಯೆಲ್ಲ ಹೊರಗಿತ್ತು ಎಂದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಇದನ್ನು ಹಾಕುವ ಹಾಗಿಲ್ಲ ಎಂದು ಹೇಳಿ ನಮ್ಮನ್ನು ಕೆಳಗೆ ಕಳಿಸಿದಳು.

ಶೈಲಜಾ ಮೇಡಂ ಡಬ್ಬಿಯನ್ನು ತಿರುಗಿಸಿ ನೋಡಿದರು.

"ಫ್ರಿಜ್ಜಲ್ಲಿಡಿ ಅಂತ ಬರೆದೇ ಕೊಟ್ಟಿದ್ರಲ್ಲಮ್ಮಾ. ಆಫೀಸಲ್ಲಿ ಕೆಲಸ ಮಾಡೋರು ನೀವು. ಇದಕ್ಕಾಗಿ ಎಷ್ಟು ಜನ ಕಾಯ್ತಿದ್ದಾರೆ ಗೊತ್ತಾ?"

"ಮರ್ತುಬಿಟ್ಟೆ ಮೇಡಂ," ಎಂದೆ. ವಯಸ್ಸಾದವರ ಹೆಸರು ಹೇಳಿ ಏನು ಉಪಯೋಗ?

ಹಿಂದೆ ಬೆಂಚಿನ ಮೇಲಿದ್ದ ಅತ್ತೆ ಎದ್ದು ಬಂದು ಮೇಜು ಹಿಡಿದು ನಿಂತರು.

"ಆಕೀಗೆ ಬೈಬ್ಯಾಡ್ರಿ ಅಕ್ಕಾರ. ತಗದು ಜಗಲಿ ಮ್ಯಾಲ ಇಟ್ಟಾಕಿ ನಾನು. ಸೊಸಿ ಉಳೀಲಿ ಅಂತ ಇಟ್ಟೆ."

ಕಾಯಿಲೆ ಬಂದ ಮೇಲೆ ನಾನು ಅತ್ತದ್ದು ಅಂದೇ. ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅತ್ತೆಯ ಮೌನವನ್ನು ಅಷ್ಟು ದಿನ ಸಿಟ್ಟೆಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಮೇಡಂ ಡ್ರಾಯರಿನಿಂದ ಹೊಸ ಫಾರಂ ತೆಗೆದರು. ಈ ಸಲ ಡಬ್ಬಿ ನೇರ ಆಸ್ಪತ್ರೆಗೇ ಬರಲಿ ಎಂದರು.

ಅದು ಬರಲು ಹನ್ನೆರಡು ದಿನ ಹಿಡಿಯಿತು. ಸರ್ಜರಿ ಮುಂದಕ್ಕೆ ಹೋಯಿತು. ಈ ನಡುವೆ ಕೌಂಟ್ ಇಳಿದು ಮೂರು ದಿನ ವಾರ್ಡಿನಲ್ಲಿದ್ದೆ. ಆಮೇಲೆ ವ್ಯಾಕ್ಸಿನ್, ಸರ್ಜರಿ ಎಲ್ಲ ಆಯಿತು. ಈಗ ಕೌಂಟ್ ಪರವಾಗಿಲ್ಲ. ಜ್ವರ ಬಂದರೆ ಮಾತ್ರ ಕಾಯದೆ ಆಸ್ಪತ್ರೆಗೆ ಓಡಬೇಕು. ವ್ಯಾಕ್ಸಿನ್ ಕೊಡಿಸಿದವರು ಯಾರೆಂದು ನನಗೆ ಗೊತ್ತಿಲ್ಲ. ಎರಡು ಸಲ ಕೊಟ್ಟರು, ಅವರ ಹೊಟ್ಟೆ ತಣ್ಣಗಿರಲಿ.

ಕೌಂಟ್ ಮತ್ತೆ ಇಳಿಯಲೂಬಹುದು ಎಂದಿದ್ದಾರೆ ಡಾಕ್ಟರು. ಇಳಿದರೆ ಆ ದುಬಾರಿ ಮಾತ್ರೆಗಾಗಿ ಮತ್ತೆ ಶೈಲಜಾ ಮೇಡಂ ಬಾಗಿಲು ತಟ್ಟಬೇಕು. ತಟ್ಟುತ್ತೇನೆ. ನಾನು ಉಳಿಯಲಿ ಎಂದು ದೇವರನ್ನು ಕೇಳಿದ್ದನ್ನು ಅತ್ತೆ ಎಲ್ಲರೆದುರು ಬಾಯಿಬಿಟ್ಟು ಹೇಳಿದ್ದಾರೆ. ನಾನು ಕೇಳಲು ಇನ್ನೇನು ಸಂಕೋಚ?