ಮಬ್ಬಿನಲ್ಲಿ ಕಂಡ ಮೂರು ಬೆರಳು

ಕೊಡಗು ಬೇರೆ ರಾಜ್ಯವಾಗಿದ್ದಾಗ ಬಾಳೆಲೆಯ ಎಸ್ಟೇಟಿನಲ್ಲಿ ನಮ್ಮ ಕೆಲಸ ನೋಡಿಕೊಳ್ಳುತ್ತಿದ್ದ ರೈಟರ್ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಅವ್ವ ಕಣದಲ್ಲಿ ಒಣಹಾಕಿದ ಕಾಫಿಯಿಂದ ಕೆಟ್ಟ ಬೀಜ ಹೆಕ್ಕುತ್ತಿದ್ದಳು. ಕಣ್ಣಿಗೆ ಪೊರೆ ಬಂದ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಅವಳಿಗೆ ಬೀಜವೇ ಕಾಣದು. ಅವನು ನಂಬಲಿಲ್ಲ. ಸಂಜೆಯ ಮಬ್ಬಿನಲ್ಲಿ ಮೂರು ಬೆರಳು ಎತ್ತಿ ಎಷ್ಟೆಂದು ಕೇಳಿದ. ಅವ್ವ ಸರಿಯಾಗಿ ಹೇಳಿದಳು.

"ನೋಡಿದ್ರಾ ಇವಳ ನಾಟಕ" ಎಂದು ಎಲ್ಲರೆದುರೇ ಕೆಲಸದಿಂದ ತೆಗೆದ.

ಮಡಿಕೇರಿಯ ಡಾಕ್ಟರು ಬಿಡಿಸಿ ಹೇಳಿದರು. ಪೊರೆ ಕಣ್ಣಿನ ನಡುವೆ ಕಟ್ಟಿದೆ. ಬಿಸಿಲಿಗೆ ಪಾಪೆ ಕಿರಿದಾದಾಗ ಅದೇ ಅಡ್ಡ ನಿಲ್ಲುತ್ತದೆ, ಮಬ್ಬಿನಲ್ಲಿ ಪಾಪೆ ಹಿಗ್ಗಿದಾಗ ಅಂಚಿನಿಂದ ಒಂದಿಷ್ಟು ಕಾಣುತ್ತದೆ. ಅವನು ಸುಳ್ಳೆಂದು ಹಿಡಿದದ್ದೇ ಅವಳ ಕಾಯಿಲೆಯ ಗುರುತು! ನಾನು ಕುದಿದುಹೋದೆ.

ಹಿಂದಿರುಗುವಾಗ ಬಸ್ಸಿನಲ್ಲಿ ಅವ್ವ ಮೆಲ್ಲಗೆ ಅಂದಳು, "ಅವತ್ತು ಬೆರಳು ಕಾಣಲ್ಲ ಅಂತ ಸುಳ್ಳು ಹೇಳಿದ್ರೆ ನಂಬ್ತಿದ್ರು."