ಬರ್ತೀನಿ ಎಂದವರ ದಾರಿ ಕಾಯುವ ಸೈದಪ್ಪ

ಮುಂಬಯಿಯ ಮಗ್ಗುಲಿನ ಕಳವಾ ಊರಿನಲ್ಲಿ ಖಾಡಿಯ ಉಪ್ಪುನೀರಿನ ಮೇಲೆ ಮಂಜು ಇನ್ನೂ ಕರಗಿಲ್ಲ. ಕಾರ್‌ಶೆಡ್ಡಿನಲ್ಲಿ ಮಲಗಿದ್ದ ಲೋಕಲ್ ರೈಲುಗಳು ಒಂದೊಂದಾಗಿ ದೀಪ ಹೊತ್ತಿಸಿಕೊಂಡು ಮೈಮುರಿಯುತ್ತಿವೆ. ಉಡುಪಿ ಹೋಟೆಲೊಂದರ ಹಿಂಬದಿಯ ಗಲ್ಲಿಯಲ್ಲಿ, ಇಡ್ಲಿಯ ಹಬೆ ಕಿಟಕಿ ದಾಟಿ ಬಂದು ಮಂಜಿನ ಜೊತೆ ಬೆರೆಯುವ ಜಾಗದಲ್ಲಿ, ಒಂದು ಹಳೆಯ ಬಿಳಿ ಆಂಬುಲೆನ್ಸ್ ನಿಂತಿದೆ. ಅದರ ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ಸೈದಪ್ಪ ನಿಂತಿದ್ದಾರೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ. ನಿಂತವರು ನಿಂತೇ ಇದ್ದಾರೆ.

ಅವರು ಈಗ ಒಂದು ಮಾತು ಹೇಳಬೇಕು. ಎರಡೇ ಅಕ್ಷರದ ಮಾತು: ಫಿಟ್. ಸೈನ್ಯದಲ್ಲಿ ವಾಹನ ಮೆಕ್ಯಾನಿಕ್ ಆಗಿದ್ದಷ್ಟು ವರ್ಷವೂ ಅವರು ಬೆಳಗಾದರೆ ಹೇಳುತ್ತಿದ್ದುದು ಅದನ್ನೇ. ಆ ಮಾತನ್ನು ನಂಬಿಕೊಂಡು ಲಾರಿಗಳು ಹಿಮದ ಘಾಟಿ ಹತ್ತಿವೆ, ಇಳಿದಿವೆ. ಅದೇ ಮಾತು ಈಗ ಮೂರು ವಾರದಿಂದ ಅವರ ಬಾಯಲ್ಲಿ ಬಿಸಿ ತುಪ್ಪವಾಗಿದೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಗಾಡಿಗೆ ಏನೂ ಆಗಿಲ್ಲ. ಅದನ್ನು ಓಡಿಸಬೇಕಾದವಳು ಅವರ ಮಗಳು, ಅಷ್ಟೇ.

ಯಾಕಪ್ಪಾ ಇಷ್ಟು ಹೊತ್ತು ಗಾಡಿಯ ಮೈ ಮುಟ್ಟಿಕೊಂಡು ನಿಲ್ಲುತ್ತೀರಿ ಎಂದು ಯಾರಾದರೂ ಕೇಳಿದರೆ ಸೈದಪ್ಪ ನಾಚಿಕೊಳ್ಳುತ್ತಾರೆ. "ನಸುಕಿನ್ಯಾಗ ಗಾಡಿ ಎಬ್ಬಸೂದು ಅಂದ್ರ ಮಕ್ಕಳನ್ನ ಎಬ್ಬಸಿದಂಗ ನೋಡ್ರಿ. ಒಮ್ಮಿಗೇ ಜಗ್ಗಬಾರದು. ಮೊದಲ ಮೈ ಮುಟ್ಟಬೇಕು, ಆಮ್ಯಾಲ ಕರೀಬೇಕು," ಎನ್ನುತ್ತಾರೆ. ಬೆವರಿಳಿಯುವ ಈ ಊರಿನಲ್ಲಿ ಯಾವ ಎಂಜಿನ್ನನ್ನೂ ಹಾಗೆ ಪುಸಲಾಯಿಸಬೇಕಾಗಿಲ್ಲ. ಕೀಲಿ ತಿರುವಿದರೆ ಸಾಕು, ಎದ್ದು ಕೂರುತ್ತದೆ. ಆದರೆ ಸೈದಪ್ಪನವರ ಕೈ ಇನ್ನೂ ಲಡಾಖಿನಿಂದ ಪೂರ್ತಿ ಇಳಿದು ಬಂದಿಲ್ಲ.

ಅಲ್ಲಿ ಚಳಿಗಾಲದಲ್ಲಿ ಡೀಸೆಲ್ ಗಟ್ಟಿಯಾಗುತ್ತಿತ್ತು. ಸಂಜೆಯಾದರೆ ಲಾರಿಗಳ ಬ್ಯಾಟರಿ ಬಿಚ್ಚಿ ತಂದು, ಬುಖಾರಿ ಒಲೆಯ ಪಕ್ಕ ಮಲಗಿಸಿ, ಜವಾನರು ಅವುಗಳ ಮಗ್ಗುಲಲ್ಲೇ ಮಲಗುತ್ತಿದ್ದರು. ನಟ್ಟು ತಿರುವುವ ಪಾನಾವನ್ನು ಬರಿಗೈಯಲ್ಲಿ ಹಿಡಿದರೆ ಚರ್ಮ ಅದಕ್ಕೇ ಅಂಟಿಕೊಂಡು ಬರುತ್ತಿತ್ತು. ಬೆಳಕು ಹರಿಯುವ ಮುಂಚೆ ಎಂಜಿನ್ನಿನ ಹೊಟ್ಟೆಗೆ ಶಾಖ ಕೊಟ್ಟು, ಕಾದು, ಮತ್ತೆ ಶಾಖ ಕೊಟ್ಟು, ಕೊನೆಗೆ ಎಲ್ಲೋ ಆಳದಿಂದ ಒಂದು ಕೆಮ್ಮು ಕೇಳಿಸುತ್ತಿತ್ತು. ಆ ಕೆಮ್ಮಿಗಿಂತ ಇಂಪಾದ ಸ್ವರವನ್ನು ತಾನು ಇವತ್ತಿನವರೆಗೂ ಕೇಳಿಲ್ಲ ಎಂದು ಸೈದಪ್ಪ ಹೇಳುತ್ತಾರೆ. ಜನವರಿಯ ಬೆಳಗಿನಲ್ಲಿ ಖಾಡಿಯ ಮೇಲೆ ಬಿಳಿಯ ಮಂಜು ಹಾಸಿಕೊಂಡಾಗ ಅವರಿಗೆ ಒಮ್ಮೊಮ್ಮೆ ತಾನು ಯಾವ ಊರಿನಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತದಂತೆ. ಲೋಕಲ್ಲಿನ ಹಾರ್ನ್ ಕೇಳಿದ ಮೇಲೆ ಕಳವಾ ಮರಳಿ ಬರುತ್ತದೆ.

ಅವರ ಅಪ್ಪ ಅವ್ವ ರಾಯಚೂರು ಜಿಲ್ಲೆಯವರು, ನವಿ ಮುಂಬಯಿ ಎದ್ದು ನಿಲ್ಲುವಾಗ ಅದಕ್ಕೆ ಇಟ್ಟಿಗೆ ಹೊತ್ತವರು. ಘಣಸೋಲಿಯಲ್ಲೊಂದಿಷ್ಟು ದಿನ, ಆಮೇಲೆ ಖಾರಘರದ ಗುಡ್ಡದ ಬುಡದಲ್ಲೊಂದಿಷ್ಟು ದಿನ, ಕಟ್ಟಡ ಎಲ್ಲಿಯೋ ಬಿಡಾರ ಅಲ್ಲಿ. ಅವ್ವ ಗಾರೆ ಹೊರುವಾಗ ಕೂಸನ್ನು ನೆರಳಿಗೆ ಮಲಗಿಸಬೇಕಲ್ಲ. ಆ ಬಯಲಲ್ಲಿ ಇದ್ದ ನೆರಳೆಂದರೆ ಮರಳು ತಂದು ನಿಂತ ಲಾರಿಯದು. ಹೀಗಾಗಿ ಸೈದಪ್ಪ ಕಣ್ಣುಬಿಟ್ಟು ನೋಡಿದ ಮೊದಲ ಆಕಾಶ ಲಾರಿಯ ಅಡಿಭಾಗ. ಅಲ್ಲಿ ನಕ್ಷತ್ರಗಳ ಬದಲು ನಟ್ಟು ಬೋಲ್ಟುಗಳಿದ್ದವು. ಬೆಳೆದ ಮೇಲೆ ಅದೇ ನೆರಳಿಗೆ ಮರಳಿ, ತುರ್ಭೆಯ ಲಾರಿ ಅಡ್ಡಾದಲ್ಲಿ ಕೆಲಸ ಕಲಿತರು. ಸೈನ್ಯದ ಭರ್ತಿಗೆ ಹೋದಾಗ ಏನು ಬರುತ್ತದೆ ಎಂದು ಕೇಳಿದರಂತೆ. ಗಾಡಿಯ ಕೆಳಗೆ ಮಲಗೂದು ಬರ್ತದ ಎಂದರಂತೆ.

ಇನ್ನು ಅವರ ಗಲ್ಲಿಯ ಕಾಯಿದೆಯ ಮಾತು. ನಿವೃತ್ತಿಯ ನಂತರ ಸೈದಪ್ಪ ಹೋಟೆಲಿನ ಹಿಂಗೋಡೆಗೆ ನೆರಳಿಗೆ ಒಂದು ತಾಡಪತ್ರಿ ಕಟ್ಟಿಕೊಂಡು ರಿಪೇರಿ ಶುರುಮಾಡಿದರು. ಮಧ್ಯಾಹ್ನದೊಳಗೆ ಹತ್ತು ಹನ್ನೆರಡು ಗಾಡಿ ಬಂದು ಹೋಗುತ್ತವೆ: ರಿಕ್ಷಾ, ಟೆಂಪೋ, ಶಾಲೆಯ ವ್ಯಾನು. ಕಾಸು ಇವತ್ತಿಲ್ಲದಿದ್ದರೆ ನಾಳೆ ಕೊಡಬಹುದು. ಆದರೆ ಗಾಡಿ ಹೊರಡುವಾಗ ಓಡಿಸುವವರು ಕನ್ನಡದಲ್ಲಿ 'ಬರ್ತೀನಿ' ಎನ್ನಲೇಬೇಕು. ಅದನ್ನು ಹೇಳದೆ ಹೊರಟವರ ಗಾಡಿಯ ಮುಂದೆ ಸೈದಪ್ಪ ಸುಮ್ಮನೆ ಹೋಗಿ ನಿಂತುಬಿಡುತ್ತಾರೆ.

ಕೊಂಕಣದ ಟೆಂಪೋದವರಿಗೆ ಇದು ಕಷ್ಟವಾಗಲಿಲ್ಲ. ಅವರಲ್ಲೂ ಹೊರಡುವವರು 'ಯೇತೋ' ಎಂದೇ ಹೇಳುವುದು, ಹೋಗುತ್ತೇನೆ ಎನ್ನುವುದಿಲ್ಲ. ಬಿಹಾರದ ರಿಕ್ಷಾದವರು ಮಾತ್ರ ಬಹಳ ದಿನ ತಲೆ ಕೆರೆದುಕೊಂಡರು. ಅವರಲ್ಲೊಬ್ಬ ಅದು ಸೈದಪ್ಪನವರ ಊರಿನ ದೇವಿಯ ಹೆಸರೆಂದೇ ತಿಳಿದು ದಿನವೂ ಭಕ್ತಿಯಿಂದ ಕೈಮುಗಿದು ಹೇಳುತ್ತಿದ್ದ. ಕೊನೆಗೊಂದು ದಿನ ರಿಕ್ಷಾದ ಬೆನ್ನ ಮೇಲೆ ಹಿಂದಿ ಅಕ್ಷರದಲ್ಲಿ 'ಬರತೀನೀ ಮಾತಾ ಕೀ ಕೃಪಾ' ಎಂದು ಬರೆಸಿಕೊಂಡೇ ಬಂದ. ಸೈದಪ್ಪ ಅವನನ್ನು ತಿದ್ದಲಿಲ್ಲ. ಆ ತಾಯಿ ಇದ್ದರೂ ಇರಬಹುದು, ಯಾರು ಕಂಡಿದ್ದಾರೆ ಎಂದು ಬಿಟ್ಟರು.

ಈ ಕಾಯಿದೆ ಹುಟ್ಟಿದ್ದು ಒಂದು ತಪ್ಪಿನಿಂದ. ಲಡಾಖಿನಲ್ಲಿ ಸೈದಪ್ಪನವರ ಮೊದಲ ಚಳಿಗಾಲ. ಅವರ ಉಸ್ತಾದ್, ಅಂದರೆ ಕೆಲಸ ಕಲಿಸುವ ಹವಾಲ್ದಾರ್, ಗಢವಾಲದ ಗುಡ್ಡಗಾಡಿನವರು. ಒಂದು ಸಂಜೆ ಉಸ್ತಾದ್ ಲಾರಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರು. ಸೈದಪ್ಪನವರ ಪಾಳಿ ಮುಗಿಯಿತು. ನಮ್ಮ ಕಡೆ ಹೊರಡುವಾಗ ಹೋಗ್ತೀನಿ ಅಂದರೆ ಹಿರಿಯರು ಬಾಯಿಗೆ ಹೊಡೆಯುತ್ತಾರೆ. ಹುಡುಗ ಆ ಸಂಸ್ಕಾರವನ್ನು ಹಾಗೆಯೇ ಹಿಂದಿಗೆ ಇಳಿಸಿ, "ಆತಾ ಹೂಂ, ಉಸ್ತಾದ್," ಎಂದು ಹೇಳಿ ಹೋಗಿ, ಉಂಡು, ಕಂಬಳಿ ಹೊದ್ದು ಮಲಗಿದ. ಹಿಂದಿಯವರಿಗೆ ಅದು ಈಗಲೇ ಬಂದೆ ಎಂಬ ಮಾತು. ಇವನು ಈಗ ಬರುತ್ತಾನೆ, ಪಾನಾ ಕೊಡುತ್ತಾನೆ ಎಂದು ಉಸ್ತಾದ್ ಲಾರಿಯ ಕೆಳಗೇ ಕಾದರು. ಕಾದೇ ಕಾದರು. ಕೊನೆಗೆ ಎದ್ದು ಬಂದಾಗ ಅವರ ಮೀಸೆಯ ಮೇಲೆ ಮಂಜುಗಡ್ಡೆ ಕೂತಿತ್ತು.

ಬೆನ್ನಿಗೆ ಭಾರದ ಚೀಲ ಕಟ್ಟಿಸಿ ಶೆಡ್ಡಿನ ಸುತ್ತ ಓಡಿಸುವ ಶಿಕ್ಷೆ ಮುಗಿದ ಮೇಲೆ ಉಸ್ತಾದ್ ಕಾರಣ ಕೇಳಿದರು. ಸೈದಪ್ಪ ಏದುಸಿರು ಬಿಡುತ್ತಲೇ ತಮ್ಮ ಊರಿನ ಪದ್ಧತಿ ಹೇಳಿದರು. ಮರುದಿನ ಲಾರಿಗಳ ಸಾಲು ಘಾಟಿಗೆ ಹೊರಟಾಗ ಉಸ್ತಾದ್ ಮೊದಲ ಲಾರಿಯ ಡ್ರೈವರನ ಬಳಿ ಹೋಗಿ, "ಆತಾ ಹೂಂ ಬೋಲ್," ಎಂದರು. ಅವನು ಹೇಳಿದ. ಎರಡನೆಯವನೂ ಹೇಳಿದ, ಎಲ್ಲರೂ ಹೇಳಿದರು. ಆವತ್ತು ಸಂಜೆ ಉಸ್ತಾದ್ ಚಹಾಕ್ಕೂ ಬರದೆ ಗೇಟಿನಲ್ಲಿ ನಿಂತಿದ್ದರು. ಒಳಗೆ ಬನ್ನಿ ಎಂದು ಸೈದಪ್ಪ ಕರೆದಾಗ, ಬರ್ತೀನಿ ಎಂದು ಹೇಳಿ ಹೋದವರಿಗೆ ಯಾರಾದರೂ ಒಬ್ಬರು ಕಾಯಬೇಕಲ್ಲವೇ ಎಂದು ಕೇಳಿದರಂತೆ.

ಆ ಪ್ರಶ್ನೆಗೆ ಉತ್ತರವೆಂಬಂತೆ ಸೈದಪ್ಪ ಇವತ್ತಿಗೂ ಬದುಕುತ್ತಿದ್ದಾರೆ. ಅವರು ಹೇಳಿಕೊಳ್ಳುವುದಿಲ್ಲ, ನಾನು ಹೇಳುತ್ತೇನೆ.

ಈಗ ಆಂಬುಲೆನ್ಸಿನ ವಿಷಯ. ಅದು ಇಲ್ಲಿನ ಕನ್ನಡಿಗರ ಒಂದು ಚಿಕ್ಕ ಸಂಘದ್ದು. ಸಂಘದ ಕಾರ್ಯದರ್ಶಿ ಜಯಶೀಲ ಶೆಟ್ಟರು, ಇದೇ ಉಡುಪಿ ಹೋಟೆಲಿನ ಮಾಲೀಕರು. ಗಾಡಿಯ ಆರೈಕೆ ಸೈದಪ್ಪನವರದು, ಅದಕ್ಕೆ ಅವರು ಏನೂ ತೆಗೆದುಕೊಳ್ಳುವುದಿಲ್ಲ. ಹಳೆಯ ಡ್ರೈವರ್ ಕಣ್ಣು ಮಂದವಾಗಿ ಕೆಲಸ ಬಿಟ್ಟಾಗ ಅರ್ಜಿ ಹಾಕಿದವಳು ಸೈದಪ್ಪನವರ ಮಗಳು ಕಾಂಚನಾ. ಘಣಸೋಲಿಯಲ್ಲಿ ಶಾಲೆಯ ವ್ಯಾನು ಓಡಿಸುತ್ತಿದ್ದ ಹುಡುಗಿ. ಸ್ಟೇರಿಂಗ್ ಹಿಡಿಯಲು ಕಲಿಸಿದವರು ಸೈದಪ್ಪನವರೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ, ಸಿಟ್ಟು ಬಂದರೆ ಮರಾಠಿಯಲ್ಲಿ. ಸಂಘದವರೆಲ್ಲ ಒಪ್ಪಿದರು. ಗಾಡಿ ಫಿಟ್ ಎಂದು ಸೈದಪ್ಪ ಹೇಳುವುದೊಂದೇ ಬಾಕಿ ಉಳಿಯಿತು.

ಸೈದಪ್ಪ ಹೇಳಲಿಲ್ಲ. ಮೊದಲು ಬ್ರೇಕಿನಲ್ಲಿ ದೋಷ ಕಂಡಿತು. ಅದಾದ ಮೇಲೆ ಫ್ಯಾನ್ ಬೆಲ್ಟು. ಅದೂ ಆದ ಮೇಲೆ ವೈಪರ್, ಒಂದು ಹನಿ ಮಳೆಯಿಲ್ಲದ ತಿಂಗಳಲ್ಲಿ. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರಲ್ಲ, ಹಾಗೆ. ಮನೆಯಲ್ಲಿ ಹೆಂಡತಿ ಮಾನಮ್ಮ ಎರಡು ದಿನ ನೋಡಿದರು, ಮೂರನೆಯ ದಿನ ರೊಟ್ಟಿ ಬಡಿಯುತ್ತ ಹೇಳಿಯೇಬಿಟ್ಟರು: "ಗಾಡಿಗೇನೂ ಆಗಿಲ್ರೀ. ಆಗಿದ್ದು ನಿಮ್ಮ ಎದೀಗೆ."

ಸೈದಪ್ಪ ಅಲ್ಲಗಳೆಯಲಿಲ್ಲ. ಶಾಲೆಯ ವ್ಯಾನು ಹಗಲಿನದು, ನಿಧಾನದ್ದು. ಆಂಬುಲೆನ್ಸ್ ಎಂದರೆ ಹೊತ್ತಿಲ್ಲ ಗೊತ್ತಿಲ್ಲ. ಠಾಣೆ ಪಟ್ಟಣದ ಸೇತುವೆಯ ಮೇಲೆ ಲಾರಿಗಳ ನಡುವೆ ನುಗ್ಗಬೇಕು. ಅದನ್ನು ನೆನೆದರೆ ನಿದ್ದೆಯಲ್ಲೂ ಎದ್ದು ಕೂರುತ್ತೇನೆ ಎನ್ನುತ್ತಾರೆ. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸುತ್ತಾರೆ. "ಘಾಟಿಗಿ ಕಳಿಸಿದ ಹುಡುಗ್ರೂ ಯಾರವೋ ಮಕ್ಕಳೇ ಇದ್ವಲ್ರಿ. ಅವಾಗ ಹ್ಯಾಂಗ ಅಂದೆ ನಾ, ಫಿಟ್ ಅಂತ? ಈಗ ತಿಳೀತದ ಉಸ್ತಾದ್ ಯಾಕ ಗೇಟಿನ್ಯಾಗ ನಿಂದರ್ತಿದ್ದ ಅಂತ."

ಅಷ್ಟರಲ್ಲಿ ಸಂಘದ ತಾಳ್ಮೆ ತೀರುತ್ತ ಬಂತು. ಭಾನುವಾರದೊಳಗೆ ಗಾಡಿ ಹೊರಡದಿದ್ದರೆ ಗುತ್ತಿಗೆಯವರ ಗಾಡಿಯನ್ನೂ ಡ್ರೈವರನ್ನೂ ತರುವುದು, ಇದನ್ನು ಗುಜರಿಗೆ ಹಾಕುವುದು ಎಂದು ತೀರ್ಮಾನವಾಯಿತು. ಗಾಡಿಯೂ ಹೋಗುತ್ತದೆ, ಮಗಳ ಕೆಲಸವೂ ಹೋಗುತ್ತದೆ. ಆದರೂ ಬಾಯಿ ತೆರೆಯಲಿಲ್ಲ ನಮ್ಮ ಸೈದಪ್ಪನವರು.

ನಿನ್ನೆ ಸಂಜೆ ಜಯಶೀಲ ಶೆಟ್ಟರು ಗಲ್ಲಾಪೆಟ್ಟಿಗೆ ಬಿಟ್ಟು ಗಲ್ಲಿಗೆ ಬಂದರು. ಅವರೂ ಗಾಡಿಯ ಬಗ್ಗೆ ತಿಳಿಯದವರಲ್ಲ. ಮಧ್ಯಾಹ್ನ ಕಾಂಚನಾ ಆಂಬುಲೆನ್ಸಿನ ಕೆಳಗೆ ನುಸುಳಿ ಎಲ್ಲವನ್ನೂ ಮುಟ್ಟಿ ನೋಡಿದ್ದನ್ನು ಅವರು ಕಂಡಿದ್ದರು. ಹೊರಗೆ ಬಂದವಳಿಗೆ ಗಾಡಿ ಸರಿಯಿದೆಯಲ್ಲ, ಒಂದು ಸುತ್ತು ತೆಗೆದುಕೊಂಡು ಹೋಗು, ಅಪ್ಪನಿಗೆ ನಾನು ಹೇಳುತ್ತೇನೆ ಎಂದಿದ್ದರು. ಅವಳು ಕೀಲಿ ಮುಟ್ಟಲಿಲ್ಲ.

"ಅವಳು ಎಂತ ಹೇಳಿದ್ದು ಗೊತ್ತುಂಟಾ ಸೈದಪ್ಪನವರೇ?" ಎಂದರು ಶೆಟ್ಟರು. "ಪಪ್ಪಾ ಫಿಟ್ ಬೋಲೇಂಗೇ, ತಭೀ. ಅಪ್ಪ ಫಿಟ್ ಹೇಳಿದರೆ ಮಾತ್ರ ಅಂತೆ. ಅಷ್ಟೇ. ಭಾನುವಾರ ದಾಟಿದರೆ ಕೆಲಸ ಇಲ್ಲ ಅಂತ ಅವಳಿಗೆ ಗೊತ್ತುಂಟು ಮಾರಾಯ್ರೆ."

ಮೆಕ್ಯಾನಿಕ್ ಬಾಯಿಂದ ಬಾರದೆ ಗಾಡಿ ಅಲುಗಬಾರದು, ಇದು ಸೈನ್ಯದ ನಿಯಮ. ಅದನ್ನು ಮಗಳಿಗೆ ಕಲಿಸಿದವರೂ ಸೈದಪ್ಪನವರೇ. ಅವಳು ಪಾಲಿಸಿದಳು, ಸರಿಯಿದ್ದ ಗಾಡಿಗೆ ಇಲ್ಲದ ದೋಷ ಹೇಳಿ ಮುರಿದವರು ಇವರು. ಶೆಟ್ಟರು ಒಳಗೆ ಹೋದ ಮೇಲೆ ಸೈದಪ್ಪ ತಾಡಪತ್ರಿಯ ಕೆಳಗೆ ಕೂತು ಒಂದೇ ಸ್ಪ್ಯಾನರನ್ನು ಒರೆಸಿದರು, ಕತ್ತಲಾಗುವ ತನಕ.

ಅದಕ್ಕೇ ಈ ಬೆಳಗ್ಗೆ ಅಂಗೈ ಬಾನೆಟ್ಟಿನ ಮೇಲಿದೆ. ಪಕ್ಕದ ವಿಟಾವಾದಿಂದ ಫೋನ್ ಬಂದಿದೆ. ಒಬ್ಬ ಅಜ್ಜಿಯನ್ನು ಡಯಾಲಿಸಿಸ್‌ಗೆ ಠಾಣೆಯ ಆಸ್ಪತ್ರೆಗೆ ಒಯ್ಯಬೇಕು. ಕಾಂಚನಾ ಬಂದು, ಕೂದಲು ಬಿಗಿದು ಕಟ್ಟಿಕೊಂಡು, ಗೋಡೆಗೆ ಒರಗಿ ನಿಂತಿದ್ದಾಳೆ. ಶೆಟ್ಟರು ಅಡುಗೆಮನೆಯ ಬಾಗಿಲಲ್ಲಿ ಚಹಾದ ಗ್ಲಾಸು ಹಿಡಿದುಕೊಂಡಿದ್ದಾರೆ. ಬೆಳಗಿನ ಪಾಳಿಯ ರಿಕ್ಷಾದವರೂ ಬಂದು ನಿಂತಿದ್ದಾರೆ, ಅವರಲ್ಲಿ 'ಬರತೀನೀ ಮಾತಾ'ನ ಭಕ್ತನೂ ಇದ್ದಾನೆ.

ಸೈದಪ್ಪ ಕಿಸೆಯಿಂದ ಕೀಲಿ ತೆಗೆಯುತ್ತಾರೆ.

"ಫಿಟ್ ಅದ. ತಗೋ."

ಕಾಂಚನಾ ಅಪ್ಪನ ಮುಖ ನೋಡುತ್ತಾಳೆ, ಕೀಲಿ ತೆಗೆದುಕೊಳ್ಳುತ್ತಾಳೆ. ಗಾಡಿಯನ್ನೊಂದು ಸುತ್ತು ಬಂದು, ಟಯರ್ ಒತ್ತಿ, ದೀಪ ಹಚ್ಚಿ ಆರಿಸಿ, ಬ್ರೇಕ್ ತುಳಿದು ನೋಡುತ್ತಾಳೆ, ಅಪ್ಪ ಕಲಿಸಿದ ಹಾಗೆಯೇ. ಎಂಜಿನ್ ಒಮ್ಮೆ ಕೆಮ್ಮಿ ಎದ್ದುಕೊಳ್ಳುತ್ತದೆ. ಇನ್ನು ಅವಳು ಆ ಮಾತು ಹೇಳಬೇಕು. ಸೈದಪ್ಪ ಮಾಮೂಲಿನಂತೆ ಗಾಡಿಯ ಮುಂದೆ ಹೋಗಿ ನಿಲ್ಲುವುದಿಲ್ಲ. ಪಕ್ಕಕ್ಕೆ ಸರಿದು ನೆಲ ನೋಡುತ್ತಿದ್ದಾರೆ.

ಕಿಟಕಿಯ ಗಾಜು ಕೆಳಗಿಳಿಯುತ್ತದೆ.

"ಆತೀ ಹೂಂ, ಪಪ್ಪಾ."

ಗಾಡಿ ಮಂಜಿನೊಳಗೆ ಹೋಗುತ್ತದೆ. ಅದರ ಕೆಂಪು ದೀಪ ಖಾಡಿಯ ಕಡೆ ತಿರುಗುವ ತನಕ ಗಲ್ಲಿಯೆಲ್ಲ ಅದನ್ನೇ ನೋಡುತ್ತದೆ. ಆಮೇಲೆ ಜಯಶೀಲ ಶೆಟ್ಟರಿಗೆ ತಮಾಷೆ ತಡೆಯಲಾಗುವುದಿಲ್ಲ. ಬಿಹಾರದವರೆಲ್ಲ ಕನ್ನಡದಲ್ಲಿ ಹೇಳಿ ಹೋಗುತ್ತಾರೆ, ನಿಮ್ಮ ಮಗಳಿಗೇ ಆಗಲಿಲ್ಲವಲ್ಲ, ಅದರ ಮೇಲೆ ಹಿಂದಿಯೂ ತಪ್ಪು ಎಂದು ಛೇಡಿಸುತ್ತಾರೆ.

ಸೈದಪ್ಪ ನಗುತ್ತಾರೆ. ಕಣ್ಣು ಒರೆಸಿಕೊಳ್ಳುವಾಗ ಕೆನ್ನೆಗೆ ಗ್ರೀಸ್ ಹತ್ತುತ್ತದೆ. "ಆಕಿಗಿ ಚಲೋ ಹಿಂದಿ ಬರ್ತದ್ರಿ ಶೆಟ್ರ. ಅದು ನಂದ ತಪ್ಪು. ಸಣ್ಣಾಕಿ ಇದ್ದಾಗ ಉಸ್ತಾದನ ಕತಿ ಹೇಳಿದ್ದೆ. ಅದನ್ನ ಮನಸಿನ್ಯಾಗ ಇಟಗೊಂಡಾಳ."

ಒಳಗೆ ಬನ್ನಿ, ಚಹಾ ಆರುತ್ತದೆ ಎಂದು ಶೆಟ್ಟರು ಕರೆಯುತ್ತಾರೆ. ಸೈದಪ್ಪ ಗಲ್ಲಿಯ ಬಾಯಿಗೆ ಬಂದು, ಸೇತುವೆಯ ದಿಕ್ಕಿಗೆ ಮುಖಮಾಡಿ, ಕೈಕಟ್ಟಿಕೊಂಡು ನಿಲ್ಲುತ್ತಾರೆ.

"ನೀವು ಕುಡೀರಿ. ಬರ್ತೀನಿ ಅಂದು ಹೋಗ್ಯಾಳ. ನಾ ಇಲ್ಲೇ ನಿಂದರ್ತೀನಿ."