ತಾತನ ಲೋಟದ ಕಾಫಿ

ಸತ್ತವರು ಮನೆಗೆ ಬಂದು ಉಂಡು ಹೋಗುತ್ತಾರೆ ಎಂದರೆ ನಾನು ನಗುತ್ತಿದ್ದೆ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವು ಏನು ಬೇಕಾದರೂ ಅಂದುಕೊಳ್ಳಿ.

ಆಗ ನಾವು ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿದ್ದೆವು. ನನಗೆ ಹತ್ತು ವರ್ಷ. ಮೈಸೂರಿನಲ್ಲಿ ತಾತ ತೀರಿಕೊಂಡಾಗ ಅಪ್ಪ ಎಲ್ಲೋ ದೂರದ ಗಣಿಯಲ್ಲಿ ಕೆಲಸದ ಮೇಲಿದ್ದರು, ಮಣ್ಣಿಗೆ ಹೋಗಲಾಗಲಿಲ್ಲ. ಮಗ ನೋಡಲು ಬರಲಿಲ್ಲವೆಂದು ತಾತ ಕೋಪದಲ್ಲೇ ಹೋದರು ಎಂದು ಅಪ್ಪ ಕೊರಗುತ್ತಿದ್ದರು. ಆ ವರ್ಷ ದೀಪಾವಳಿಯ ಎಡೆ ಇಡುವ ದಿನವೇ ಹ್ಯಾಲೋವೀನ್ ಬಂತು. ಅಪ್ಪ ಮೊದಲ ಸಲ ತಾತನಿಗೆ ಎಡೆ ಇಟ್ಟರು. ಬಾಳೆಲೆ ತುಂಬ ಅಡುಗೆ, ತಾತನಿಗೆ ಇಷ್ಟವಾದ ಕಜ್ಜಾಯ, ಸ್ಟೀಲ್ ಲೋಟದಲ್ಲಿ ಫಿಲ್ಟರ್ ಕಾಫಿ. ಧೂಪ ಹಾಕಿ, ಹಿರಿಯರು ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಮುಚ್ಚಿ, ಅಪ್ಪ ಅಮ್ಮ ಹಿತ್ತಲಿನಲ್ಲಿ ಕುಳಿತರು.

ಹ್ಯಾಲೋವೀನ್‌ಗೆಂದು ವೇಷ ಹಾಕಿಕೊಂಡು ಬರುವ ನಮ್ಮ ಬೀದಿಯ ಮಕ್ಕಳಿಗೆ ಚಾಕೊಲೇಟ್ ಕೊಡುವುದು ನನ್ನ ಕೆಲಸ. ಅರ್ಧ ನಾನೇ ತಿಂದಿದ್ದೆ. ಬಟ್ಟಲು ಖಾಲಿಯಾದ ಮೇಲೆ ಬಿಳಿ ಬೆಡ್‌ಶೀಟ್ ಹೊದ್ದ ಒಂದು ಪುಟ್ಟ ದೆವ್ವ ಬಂದು ಚೀಲ ಒಡ್ಡಿ ನಿಂತಿತು. ಇಲ್ಲ ಎನ್ನಲು ನಾಚಿಕೆಯಾಯಿತು. ಕೋಣೆಗೆ ನುಗ್ಗಿ ಎಲೆಯ ಮೇಲಿದ್ದ ಕಜ್ಜಾಯ ಎತ್ತಿಕೊಂಡು ಬಂದು ಕೊಟ್ಟುಬಿಟ್ಟೆ. ಕಾಫಿ ಅಂಚಿನವರೆಗೂ ಇತ್ತು. ಕೈ ತಾಗಿ ಚೆಲ್ಲೀತೆಂದು ಲೋಟವನ್ನು ಆಚೆ ಸರಿಸಿದ್ದು ಚೆನ್ನಾಗಿ ನೆನಪಿದೆ.

ಸ್ವಲ್ಪ ಹೊತ್ತಿಗೆ ಅಪ್ಪ ಬಾಗಿಲು ತೆಗೆದರು. ಎಲೆಯ ಮೇಲೆ ಕಜ್ಜಾಯವಿರಲಿಲ್ಲ. ಲೋಟದ ತಳದಲ್ಲಿ ಒಂದಿಷ್ಟು ನೊರೆ ಬಿಟ್ಟರೆ ಕಾಫಿಯೂ ಇರಲಿಲ್ಲ.

“ಅಪ್ಪ ಬಂದಿದ್ರು ಕಣೇ,” ಎಂದು ಅಪ್ಪ ಅಮ್ಮನ ಕೈ ಹಿಡಿದುಕೊಂಡು ಅತ್ತರು. “ನನ್ಮೇಲೆ ಕೋಪ ಇಲ್ಲ ಅವ್ರಿಗೆ.”

ಅಪ್ಪನ ಸಮಾಧಾನಕ್ಕಾಗಿ ಅಮ್ಮನೇ ಕಾಫಿ ಕುಡಿದಿರಬೇಕು ಅಂದುಕೊಂಡೆ.

ಮುಂದೆ ಬ್ರಿಸ್ಬೇನ್‌ನ ಸೇಂಟ್ ಲೂಸಿಯಾದಲ್ಲಿ ಓದುವಾಗ, ಜೊತೆಗಿದ್ದ ಫಿಲಿಪೀನ್ಸ್ ಹುಡುಗಿ ಅವರ ಊರಿನ ಕತೆ ಹೇಳಿದಳು. ಹ್ಯಾಲೋವೀನ್‌ನ ಮಾರನೆಯ ದಿನ ಅವರು ಗೋರಿಗಳ ಹತ್ತಿರ ಊಟ ಇಡುತ್ತಾರಂತೆ, ಚಿಕ್ಕವಳಿದ್ದಾಗ ಇವಳು ಅಲ್ಲಿಂದ ಸಿಹಿ ಕದ್ದು ತಿನ್ನುತ್ತಿದ್ದಳಂತೆ. ಅವಳು ನಕ್ಕಳು, ನನಗೆ ನಗು ಬರಲಿಲ್ಲ. ಅಂದೇ ಅಮ್ಮನಿಗೆ ಫೋನ್ ಮಾಡಿ ಕೇಳಿಬಿಟ್ಟೆ.

“ಅಯ್ಯೋ, ನಾನೆಲ್ಲೇ ಕುಡ್ದೆ? ನಿಮ್ಮಪ್ಪನ ಪಕ್ಕದಿಂದ ಎದ್ದೇ ಇರ್ಲಿಲ್ಲ. ನೀನೇ ಕುಡ್ದಿದೀಯ ಅಂತ ಇಷ್ಟು ವರ್ಷ ಬಾಯ್ಮುಚ್ಕೊಂಡಿದೀನಿ!”

ಹತ್ತು ವರ್ಷದವಳಾಗಿದ್ದಾಗ ನನಗೆ ಕಾಫಿಯ ವಾಸನೆಯೇ ಆಗುತ್ತಿರಲಿಲ್ಲ.

ಈಗ ಅಪ್ಪ ಅಮ್ಮ ಅಡಿಲೇಡ್‌ನ ಗ್ಲೆನೆಲ್ಗ್‌ನಲ್ಲಿದ್ದಾರೆ. ಪ್ರತಿ ದೀಪಾವಳಿಗೂ ಎಡೆ ಇಡುತ್ತಾರೆ. ಬಾಗಿಲು ತೆಗೆದೊಡನೆ ಅಪ್ಪ ಮೊದಲು ಲೋಟ ನೋಡುತ್ತಾರೆ. ಅದು ತುಂಬಿಯೇ ಇರುತ್ತದೆ. “ಒಂದ್ಸಲನಾದ್ರೂ ಬಂದ್ರಲ್ಲ, ಸಾಕು,” ಎನ್ನುತ್ತಾರೆ. ನನಗೆ ಅವರ ಮುಖ ನೋಡಲಾಗುವುದಿಲ್ಲ. ಕಜ್ಜಾಯ ನಾನು ತೆಗೆದೆ ಎಂದು ಹೇಳಿದರೆ ಕಾಫಿಯನ್ನೂ ನಾನೇ ಕುಡಿದೆ ಅಂದುಕೊಳ್ಳುತ್ತಾರೆ. ಅದನ್ನು ನಾನು ಕುಡಿಯಲಿಲ್ಲ. ಯಾರು ಕುಡಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ.